ಬ್ರಸೆಲ್ಸಿನ ಕ್ರೀಕ್

ಬೆಲ್ಜಿಯಂ ದೇಶದ ರಾಜಧಾನಿಯಾದ ಬ್ರಸೆಲ್ಸ್ ಎರಡು ನುಡಿಗಳ ನಗರ. ಬೀದಿಬೀದಿಯ ಹೆಸರುಹಲಗೆಗಳಲ್ಲಿ ಫ್ರೆಂಚ್ ಮತ್ತು ಡಚ್ ಭಾಷೆಗಳು ಜೊತೆಯಾಗಿ ನಿಂತಿವೆ. ಗಡಿನಾಡಿನವರಾದ ನಮ್ಮ ಕಣ್ಣು ಮೊದಲು ಹರಿದದ್ದು ಆ ಹಲಗೆಗಳ ಕಡೆಗೇ ಎಂದರೆ ಓದುಗರಿಗೆ ಆಶ್ಚರ್ಯವಾಗದು. ಆ ಊರಿನಲ್ಲಿ ನಾವು ಸವಿದ ಒಂದು ಪಾನೀಯದ ಕಥೆಯೂ ಕೊನೆಗೆ ನುಡಿಯ ಕಥೆಯೇ ಆಗಿದೆ. ಅದರ ಹೆಸರು ಕ್ರೀಕ್. ಹುಳಿಚೆರಿ ಹಣ್ಣನ್ನು ನೆನೆಹಾಕಿ ಮಾಡುವ ಬಿಯರು.

ನಗರದ ದಕ್ಷಿಣ ರೈಲುನಿಲ್ದಾಣಕ್ಕೆ ಸಮೀಪದಲ್ಲಿ ಆಂಡರ್ಲೆಕ್ಟ್ ಎಂಬ ಭಾಗವಿದೆ. ಅಲ್ಲಿನ ಕಾಂತಿಯೋಂ ಎಂಬ ಬ್ರೂವರಿ 1900ರಲ್ಲಿ ಸ್ಥಾಪನೆಯಾದದ್ದು. 1978ರಿಂದ ಅದು ವಸ್ತುಸಂಗ್ರಹಾಲಯವೂ ಹೌದು. ಕೆಲಸವೂ ನಡೆದೇ ಇದೆ. ಮೊಳೆಯಿಸಿದ ಬಾರ್ಲಿ ಸುಮಾರು ಎರಡು ಪಾಲು, ಮೊಳೆಯಿಸದ ಗೋಧಿ ಒಂದು ಪಾಲು, ವರ್ಷಗಟ್ಟಲೆ ಇಟ್ಟು ಕಹಿ ಇಳಿದ ಹಾಪ್ ಹೂ: ಇವನ್ನು ಕುದಿಸಿದ ರಸವನ್ನು ಸೂರಿನ ಕೆಳಗಿನ ತಾಮ್ರದ ಅಗಲವಾದ, ಆಳವಿಲ್ಲದ ತೊಟ್ಟಿಗೆ ಏರಿಸಿ ರಾತ್ರಿಯಿಡೀ ತೆರೆದಿಡುತ್ತಾರೆ. ಯೀಸ್ಟನ್ನು ಯಾರೂ ಬೆರೆಸುವುದಿಲ್ಲ. ಗಾಳಿಯಲ್ಲಿಯೂ ಮರದ ಪೀಪಾಯಿಗಳಲ್ಲಿಯೂ ನೆಲೆಸಿರುವ ಸೂಕ್ಷ್ಮಜೀವಿಗಳೇ ರಸವನ್ನು ಹುದುಗಿಸುತ್ತವೆ. ನಮ್ಮ ಮನೆಗಳಲ್ಲಿ ರಾತ್ರಿ ರುಬ್ಬಿಟ್ಟ ದೋಸೆಹಿಟ್ಟು ಬೆಳಗಾಗುವಷ್ಟರಲ್ಲಿ ತಾನಾಗಿ ಉಬ್ಬಿ ನಿಲ್ಲುವುದಿಲ್ಲವೇ, ಅದೇ ಬಗೆ. ಸೆಕೆಗಾಲದಲ್ಲಿ ಕೆಟ್ಟ ಜೀವಿಗಳು ಹೆಚ್ಚುವುದರಿಂದ ಅಕ್ಟೋಬರಿನಿಂದ ಏಪ್ರಿಲಿನವರೆಗಿನ ತಂಪಿನಲ್ಲಿ ಮಾತ್ರ ಈ ಕೆಲಸ. ಪೀಪಾಯಿಗಳ ನಡುವೆ ಕಟ್ಟಿದ ಜೇಡರ ಬಲೆಯನ್ನು ಗುಡಿಸುವುದಿಲ್ಲ; ಹಣ್ಣಿಗೆ ಮುತ್ತುವ ನೊಣಗಳಿಗೆ ಜೇಡವೇ ಕಾವಲು.

ಹೀಗೆ ಹುದುಗಿ ವರ್ಷ ಕಳೆದ ಬಿಯರಿಗೆ, ಲೀಟರಿಗೆ ಸುಮಾರು 200 ಗ್ರಾಂ ಲೆಕ್ಕದಲ್ಲಿ, ಬೀಜಸಹಿತ ಚೆರಿಹಣ್ಣನ್ನು ಸೇರಿಸುತ್ತಾರೆ. ಹಣ್ಣಿನ ಸಕ್ಕರೆಯನ್ನೆಲ್ಲ ಯೀಸ್ಟು ತಿಂದುಬಿಡುತ್ತದೆ. ಬಣ್ಣ, ಕಂಪು, ಹುಳಿ ಉಳಿಯುತ್ತವೆ.

ನಮ್ಮ ಮುಂದಿಟ್ಟ ಗಾಜಿನ ಲೋಟದಲ್ಲಿದ್ದುದು ಮಾಣಿಕ್ಯದ ಕೆಂಪು. ಮೇಲೆ ನಸುಗೆಂಪಿನ ನೊರೆ. ಹಣ್ಣಿನ ಬಿಯರು ಎಂದೊಡನೆ ಶರಬತ್ತಿನ ಸಿಹಿಯನ್ನು ನಿರೀಕ್ಷಿಸುವವರನ್ನು ಮೊದಲ ಗುಟುಕೇ ಬೆಚ್ಚಿಬೀಳಿಸುತ್ತದೆ. ಮದ್ಯಸಾರ ಶೇಕಡಾ 5-6ರಷ್ಟೇ ಇದ್ದರೂ ಹುಳಿ ಬಲು ಉಗ್ರ. ಬೆಲ್ಲವನ್ನೇ ಹಾಕದ ಪುನರ್ಪುಳಿಯ ಪಾನಕವನ್ನು ನೆನೆದುಕೊಂಡರೆ ಆ ರುಚಿ ಅರ್ಧ ತಿಳಿಯುತ್ತದೆ. ಉಳಿದರ್ಧದಲ್ಲಿ ಹಳೆಯ ಮರದ ವಾಸನೆ, ಚೆರಿಬೀಜದಿಂದ ಇಳಿದ ಬಾದಾಮಿಯ ಛಾಯೆ. ಒಂದು ಲೋಟವನ್ನು ಮೂವರು ಹಂಚಿಕೊಂಡು ನಿಧಾನವಾಗಿ ಮುಗಿಸಿದೆವು.

ಕ್ರೀಕ್ ಎಂಬುದು ಅಲ್ಲಿಯ ಡಚ್ ಆಡುನುಡಿಯಲ್ಲಿ ಹುಳಿಚೆರಿಯ ಹೆಸರು. ನಗರದ ಸ್ಕಾರ್ಬೇಕ್ ಭಾಗದಲ್ಲಿ ಒಮ್ಮೆ ಈ ಹಣ್ಣಿನ ತೋಟಗಳಿದ್ದವು. ಊರು ಬೆಳೆದಂತೆ ಅವು ಅಳಿದವು. ಈಗ ಅನೇಕರು ಹೊರನಾಡಿನ ಹಣ್ಣನ್ನು ತರಿಸಿಕೊಳ್ಳುತ್ತಾರೆ. ತೋಟದಂತೆಯೇ ನುಡಿಯೂ ಹಿಂದೆ ಸರಿಯಿತು. ಡಚ್ ಆಡುನುಡಿಯ ಊರಾಗಿದ್ದ ಬ್ರಸೆಲ್ಸ್ ಹತ್ತೊಂಬತ್ತು-ಇಪ್ಪತ್ತನೆಯ ಶತಮಾನಗಳಲ್ಲಿ ಬಹುಮಟ್ಟಿಗೆ ಫ್ರೆಂಚ್ ಆಡುವ ಊರಾಯಿತು. ನಮ್ಮಲ್ಲಿ 1956ರಲ್ಲಿ ಆದಂತೆ, ಅಲ್ಲಿ 1962-63ರ ಕಾನೂನುಗಳು ಭಾಷಾಗಡಿಯನ್ನು ಗೊತ್ತುಪಡಿಸಿದವು. ಗಡಿಯಂಚಿನ ಕೆಲವು ಊರುಗಳ ಅಲ್ಪಸಂಖ್ಯಾತರಿಗೆ ತಮ್ಮ ನುಡಿಯಲ್ಲಿ ಕಚೇರಿಯೊಡನೆ ವ್ಯವಹರಿಸುವ ಸೌಲಭ್ಯ ದೊರೆಯಿತು. ಗಡಿಯಾಚೆ ಡಚ್ ಸೀಮೆಯ ಬೇರ್ಸೆಲ್ ಊರಿನಲ್ಲಿಯೂ ಇದೇ ಬಿಯರು, ಇದೇ ಹೆಸರು. ಈಚೆ ಫ್ರೆಂಚ್ ಆಡುವವನೂ ತನ್ನ ಭಾಷೆಯ 'ಸೆರೀಜ್' ಎಂಬ ಪದವನ್ನು ಬದಿಗಿಟ್ಟು ಕ್ರೀಕ್ ಎಂದೇ ಕೇಳುತ್ತಾನೆ.

ಹಲಗೆಯ ಮೇಲಿನ ಅಕ್ಷರಕ್ಕಾಗಿ ನಾವು ಮನವಿ ಬರೆಯುತ್ತೇವೆ; ಬರೆಯಲೇಬೇಕು. ಆದರೆ ನಾಲಗೆಯ ಮೇಲಿನ ಪದಕ್ಕೆ ಯಾವ ಕಚೇರಿಯ ಅಪ್ಪಣೆಯೂ ಬೇಡ. ಪೇಟೆಯ ಸೀಸೆಗಳ ಮೇಲೆ 'ಕೋಕಂ' ಎಂದು ಅಚ್ಚಾಗಿರಲಿ. ಮನೆಯ ಮಕ್ಕಳಿಗೆ ಅದನ್ನು ಪುನರ್ಪುಳಿ ಎಂದೇ ಹೇಳಿ ಬಡಿಸೋಣ.