ಅವ್ವನ ಹಿಟ್ಟು, ನನ್ನ ಗಾಳ

ನಮ್ಮದು ಬನಹಟ್ಟಿಯ ನೇಕಾರರ ಮನೆ. ಮಗ್ಗದ ಸಪ್ಪಳ ನಿಂತರೆ ಎಲ್ಲರಿಗೂ ಎಚ್ಚರಾಗುವಂಥ ಮನೆ. ನಮ್ಮ ಅಡುಗೆಮನೆಗೆ ಇವತ್ತಿಗೂ ತತ್ತಿ ಕೂಡ ಬಂದಿಲ್ಲ. ಅಂಥ ಮನೆಯ ಮಗ ಬೆಂಗಳೂರಿನಿಂದ ಮೀನು ಹಿಡಿಯುವ ಕೋಲು ತಂದರೆ ಏನಾಗಬೇಕೋ ಅದೇ ಆಯಿತು. ಅವ್ವ ಒಮ್ಮೆ ಕೋಲು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು.

“ತಿನ್ನಾಂಗಿಲ್ಲ ಅಂದಮ್ಯಾಲ ಹಿಡಿಯೂದು ಯಾಕ?”

“ಹಿಡಿದು ಮತ್ತ ನೀರಿಗೆ ಬಿಡ್ತೀನಬೇ.”

“ಮೊದಲೂ ನೀರಾಗನ ಇತ್ತಲ್ಲೋ!”

ಎಂಜಿನಿಯರಿಂಗ್ ಓದಿದ ನನ್ನ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ.

ಈ ಹುಚ್ಚು ಹತ್ತಿದ್ದು 2020ರ ಲಾಕ್‌ಡೌನ್‌ನಲ್ಲಿ. ಬಾಡಿಗೆ ಕೋಣೆಯಲ್ಲಿ ಒಬ್ಬನೇ ಲ್ಯಾಪ್‌ಟಾಪ್ ಮುಂದೆ ಕೂತು ಕೂತು, ರಾತ್ರಿ ನಿದ್ದೆ ಬಾರದೆ ಅಮೆರಿಕದವರು ಬಾಸ್ ಮೀನು ಹಿಡಿಯುವ ವಿಡಿಯೋ ನೋಡತೊಡಗಿದೆ. ಬಾಸ್ ಅಂದರೆ ಉತ್ತರ ಅಮೆರಿಕದ, ದೊಡ್ಡ ಬಾಯಿಯ ಬೇಟೆಗಾರ ಮೀನು. ಮುಳುಗಿದ ಮರದ ಬೊಡ್ಡೆ, ಪಾಚಿಯ ಮರೆಯಲ್ಲಿ ಅಡಗಿ ಕೂತು, ಎದುರಿಗೆ ಹೋಗುವ ಸಣ್ಣ ಮೀನು, ಕಪ್ಪೆಗಳ ಮೇಲೆ ಎರಗುತ್ತದೆ. ಅದಕ್ಕೇ ಅವರ ಕೃತಕ ಮೇವುಗಳೆಲ್ಲ ಮೀನು, ಕಪ್ಪೆ, ಹುಳದ ವೇಷದಲ್ಲಿರುತ್ತವೆ. ನೀರು ತಿಳಿ ಇದ್ದರೆ ಸಹಜ ಬಣ್ಣ, ರಾಡಿ ಇದ್ದರೆ ಎದ್ದು ಕಾಣುವ ಬಣ್ಣ ಇಲ್ಲವೇ ನೀರಲ್ಲಿ ಗಿರಗಿರ ತಿರುಗುವ ತಗಡು, ಚಳಿ ಇದ್ದರೆ ನಿಧಾನವಾಗಿ ಎಳೆಯಬೇಕು. ಹೀಗಿದ್ದರೆ ಇದು, ಹಾಗಿದ್ದರೆ ಅದು. ನಾನು ದಿನಾ ಬರೆಯುವ ಪ್ರೋಗ್ರಾಮೂ ಹೀಗೇ ತಾನೆ! ಆನ್‌ಲೈನಿನಲ್ಲಿ ಇಪ್ಪತ್ತೆರಡು ಬಣ್ಣಬಣ್ಣದ ಮೇವುಗಳ ಒಂದು ಪೆಟ್ಟಿಗೆ ತರಿಸಿದೆ.

ಮೊದಲ ಭಾನುವಾರ ಅದನ್ನು ಹೊತ್ತು ರಬಕವಿ ಕಡೆಯ ಕೃಷ್ಣೆಯ ದಂಡೆಗೆ ಹೋದೆ. ಹಿಪ್ಪರಗಿ ಬ್ಯಾರೇಜಿನಿಂದಾಗಿ ಹೊಳೆ ಅಲ್ಲಿ ಕೆರೆಯ ಹಾಗೆ ತುಂಬಿ ನಿಂತಿರುತ್ತದೆ. ಮೂರು ತಾಸು ಎಸೆದೆ, ಎಳೆದೆ. ಜಾಲಿಯ ಟೊಂಗೆ ಬಿಟ್ಟರೆ ಏನೂ ಸಿಗಲಿಲ್ಲ. ಪಕ್ಕದಲ್ಲಿ ಬಲೆ ಹೊಲಿಯುತ್ತಿದ್ದ ಅಂಬಿಗರ ಕಾಕಾ ಒಬ್ಬರು ಎದ್ದು ಬಂದು ಪೆಟ್ಟಿಗೆ ನೋಡಿದರು.

“ಭಾಳ ಚಂದ ಅದಾವ ತಮ್ಮಾ. ಮನಿಯಾಗ ಶೋಕೇಸಿನ್ಯಾಗ ಇಡು. ನಮ್ಮ ಹೊಳಿ ಮೀನಕ್ಕ ಇವು ಏನಂತ ಗೊತ್ತಿಲ್ಲ.” ಆಮೇಲೆ ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ: “ಮೊದಲ ನೀರ ನೋಡು. ಪೆಟ್ಟಿಗಿ ಆಮ್ಯಾಲ ತಗಿ.”

ಇದೇ ಬುದ್ಧಿ ದೂರದ ಫಿನ್ಲೆಂಡಿನಲ್ಲೂ ಒಬ್ಬರಿಗೆ ಹೊಳೆದಿತ್ತು. ಲೌರಿ ರಾಪಾಲಾ ಅನ್ನುವ ಬಡ ಮೀನುಗಾರ ದೋಣಿಯಲ್ಲಿ ಕೂತು ನೀರನ್ನೇ ನೋಡುತ್ತಿದ್ದನಂತೆ. ಸಣ್ಣ ಮೀನುಗಳ ಹಿಂಡಿನಲ್ಲಿ ಓಲಾಡುತ್ತ ಈಜುವ ಮೀನನ್ನೇ ದೊಡ್ಡ ಮೀನು ಹಿಡಿಯುವುದನ್ನು ಕಂಡು, 1936ರಲ್ಲಿ ಬೆಂಡಿನ ತುಂಡು ಕೆತ್ತಿ, ಮೇಲೆ ಚಾಕೊಲೇಟಿನ ಬೇಗಡೆ ಸುತ್ತಿ, ಅದೇ ಓಲಾಟ ಬರುವಂಥ ಮೇವು ಮಾಡಿದ. ಇವತ್ತು ಜಗತ್ತಿನ ತುಂಬ ಮಾರಾಟವಾಗುವ ರಾಪಾಲಾ ಮೇವುಗಳ ಮೂಲ ಅದೇ. ನಾನು ಮಾತ್ರ ನೀರು ನೋಡುವ ಮೊದಲೇ ಪೆಟ್ಟಿಗೆ ಕೊಂಡಿದ್ದೆ.

ಹೊಳೆಯಲ್ಲಿ ಇರೋದು ಏನು ಅಂತ ಕಾಕಾನನ್ನೇ ಕೇಳಿದೆ. ಹೆಚ್ಚಾಗಿ ಕಾಟ್ಲಾ, ರೋಹು, ಮೃಗಾಲ್. ಮೂರೂ ಗೆಂಡೆ ಜಾತಿಯವು, ಓಡಿಹೋಗುವ ಬೇಟೆಯ ಬೆನ್ನು ಹತ್ತುವಂಥವಲ್ಲ. ಕಾಟ್ಲಾ ನೀರಿನ ಮೇಲ್ಗಡೆ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಇವಕ್ಕೆ ಬೇಕಾದದ್ದು ಹಿಟ್ಟಿನ ಉಂಡೆ, ಶೇಂಗಾ ಹಿಂಡಿ, ಸ್ವಲ್ಪ ಬೆಲ್ಲದ ವಾಸನೆ. ತಗಡು ಎಷ್ಟು ಮಿಂಚಿದರೂ ಅವಕ್ಕೆ ಸಂಬಂಧವಿಲ್ಲ.

ಮುಂದಿನ ವಾರ ಜಮಖಂಡಿ ಕಡೆಯ ಚಿಕ್ಕಪಡಸಲಗಿಗೆ ಹೋದೆ. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ದುಡ್ಡು ಕೂಡಿಸಿ, ಮೈಮುರಿದು ದುಡಿದು, 1989ರಲ್ಲಿ ಕಟ್ಟಿದ ಬ್ಯಾರೇಜು ಅದು. ಶ್ರಮಬಿಂದು ಸಾಗರ ಅನ್ನುವ ಹೆಸರು ಸುಮ್ಮನೆ ಬಂದಿಲ್ಲ. ಬ್ಯಾರೇಜಿನ ಗೇಟುಗಳಿಂದ ದೂರ, ನಿಂತ ನೀರಿನ ಹತ್ತಿರ ಕೂತು ಜೋಳದ ಹಿಟ್ಟಿನ ಉಂಡೆ ಗಾಳಕ್ಕೆ ಸಿಕ್ಕಿಸಿ ಬಿಟ್ಟೆ. ಎಳೆದು ನೋಡಿದರೆ ಬರೀ ಗಾಳ. ಮತ್ತೆ ಬಿಟ್ಟೆ, ಮತ್ತೆ ಬರೀ ಗಾಳ. ಮೀನು ತಿಂದಿರಲಿಲ್ಲ, ಹಿಟ್ಟೇ ಕರಗಿ ಹೋಗುತ್ತಿತ್ತು.

ಸಂಜೆ ಹಿತ್ತಲಲ್ಲಿ ಕೂತು ಮತ್ತೆ ಹಿಟ್ಟು ನಾದುತ್ತಿದ್ದೆ. ಅವ್ವ ನೋಡಿ ತಡೆಯಲಾರದೆ ಅಂದಳು, “ತಣ್ಣೀರಾಗ ಕಲಸಿದ ಜ್ವಾಳದ ಹಿಟ್ಟ ನಿಲ್ಲತೈತೇನೋ? ಎಸರ ಹಾಕಬೇಕು.” ಕುದಿಯುವ ಎಸರು ತಂದು ಸುರಿದು, ಕಟ್ಟಿಗೆಯಿಂದ ತಿರುವಿ, ಆರಿದ ಮೇಲೆ ಗಸಗಸ ನಾದಿ ಕೊಟ್ಟಳು. ರೊಟ್ಟಿಯ ಹಿಟ್ಟಿನ ಹಾಗೆ ಜಿಗಿ ಬಂದಿತ್ತು. ಗೋಧಿಯಲ್ಲಿ ಇರುವ ಅಂಟು ಜೋಳದಲ್ಲಿ ಇಲ್ಲ. ಬಿಸಿನೀರಿಗೆ ಹಿಟ್ಟು ಬೆಂದಾಗಲೇ ಅದಕ್ಕೆ ಜಿಗಿ ಬರುವುದು. ಒಂದು ಹಿಡಿ ಗೋಧಿ ಹಿಟ್ಟು ಸೇರಿಸಿದರೆ ಇನ್ನೂ ಗಟ್ಟಿ. ಮೂವತ್ತು ವರ್ಷ ಅವಳ ಕೈಯ ರೊಟ್ಟಿ ತಿಂದ ನನಗೆ ಇದು ಹೊಳೆದಿರಲಿಲ್ಲ. ಉಂಡೆ ನನ್ನ ಕೈಗೆ ಕೊಟ್ಟ ಮೇಲೆ ಅದು ಯಾತಕ್ಕೆ ಅಂತ ಅವಳಿಗೆ ನೆನಪಾಗಿರಬೇಕು. ಮಾತಾಡದೆ ಕೈ ತೊಳೆದುಕೊಂಡು ಒಳಗೆ ಹೋದಳು.

ಆ ಹಿಟ್ಟಿಗೆ ಮರುವಾರವೇ ರೋಹು ಬಿತ್ತು. ತುಟಿಗೆ ಸಿಕ್ಕಿದ್ದ ಗಾಳ ಬಿಡಿಸಿ ನೀರಿಗೆ ಬಿಟ್ಟೆ, ಹೋಯಿತು. ಅವ್ವನಿಗೆ ಹೇಳಿದೆ. ಅವಳು “ಹೂಂ” ಅಂದಳು, ಅಷ್ಟೇ.

ಮುಧೋಳದಲ್ಲಿ ನನ್ನ ಸೋದರಮಾವನ ಕಬ್ಬಿನ ಹೊಲ ಘಟಪ್ರಭೆಯ ದಂಡೆಗೇ ಇದೆ. ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿಗೆ ಹೋದೆ. ನೀರಿನ್ನೂ ಕೆಂಪಗಿತ್ತು. ಇಂಥ ನೀರಲ್ಲಿ ಮೀನು ಕಣ್ಣಿಗಿಂತ ವಾಸನೆಯನ್ನು ನಂಬುತ್ತದೆ, ಹಾಗಾಗಿ ಎರೆಹುಳದಂಥ ಮೇವಿಲ್ಲ. ಕಬ್ಬಿನ ಸಾಲಿನ ತೇವದಲ್ಲಿ ಒಂದು ಹಿಡಿ ಅಗೆದುಕೊಂಡೆ. ಹದಿನೈದು ನಿಮಿಷದಲ್ಲಿ ಬೆಂಡು ಮುಳುಗಿತು. ಗೇಣುದ್ದದ ಮೃಗಾಲ್. ಆದರೆ ಗಾಳ ಬಾಯಲ್ಲಿ ಕಾಣಲಿಲ್ಲ. ನಿಜವಾದ ಹುಳ ಅಂತ ನಂಬಿ ಗಂಟಲಿನ ಆಳಕ್ಕೇ ನುಂಗಿತ್ತು. ಬಿಡಿಸಲು ಹೋದಷ್ಟೂ ರಕ್ತ. ದಾರ ಕತ್ತರಿಸಿ ನೀರಿಗೆ ಬಿಟ್ಟೆ. ಅದು ಹೊಟ್ಟೆ ಮೇಲಾಗಿ ತೇಲಿತು. ನಾನು ನಿಂತೇ ಇದ್ದೆ.

ಅವತ್ತು ಮನೆಗೆ ಬಂದು ಊಟ ಸೇರಲಿಲ್ಲ. ಅವ್ವ ಕೇಳಿದಾಗ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. “ಅಂಬಿಗರು ಹಿಡಿದ್ರ ಅವರ ಮಕ್ಕಳು ಉಣ್ತಾವ. ನೀ ಹಿಡಿದಿದ್ದು ಯಾರಿಗೆ ಆತು?” ಅಂತಷ್ಟೇ ಅಂದಳು.

ಅಲ್ಲಿಯವರೆಗೆ ನಾನು ಕೇಳುತ್ತಿದ್ದುದು ಒಂದೇ ಪ್ರಶ್ನೆ, ಯಾವ ಮೇವಿಗೆ ಮೀನು ಬೀಳುತ್ತದೆ? ಆಮೇಲೆ ಪ್ರಶ್ನೆ ಬದಲಾಯಿತು: ಯಾವ ಮೇವಿಗೆ ಬಿದ್ದ ಮೀನು ಬಿಟ್ಟಮೇಲೆ ಬದುಕುತ್ತದೆ? ಇದರ ಲೆಕ್ಕ ಬೇರೆ. ಜೀವಂತ ಹುಳ ಎಲ್ಲಕ್ಕಿಂತ ಬೇಗ ಮೀನು ತರುತ್ತದೆ, ಆದರೆ ಮೀನು ಅದನ್ನು ಆಳಕ್ಕೆ ನುಂಗುತ್ತದೆ. ಕೃತಕ ಮೇವು ಬಾಯಲ್ಲಿ ಸುಳ್ಳು ಅನ್ನಿಸುವುದರಿಂದ ಹೆಚ್ಚಾಗಿ ತುಟಿಯಲ್ಲೇ ಸಿಕ್ಕುತ್ತದೆ, ಆದರೆ ಅದರಲ್ಲಿ ಮೂರು ಮೊನೆಯ ಗಾಳವಿದ್ದರೆ ಬಾಯಿ ಹರಿಯುತ್ತದೆ. ಹಿಟ್ಟಿನ ಉಂಡೆಗೆ ಒಳಬಾಗಿದ ದುಂಡು ಗಾಳ ಕಟ್ಟಿದರೆ ಅದು ಗಂಟಲಿನಿಂದ ಜಾರಿ ಬಾಯಿಯ ಮೂಲೆಯಲ್ಲಿ ಸಿಗುವುದೇ ಹೆಚ್ಚು. ಹೀಗಾಗಿ ಮೂರು ಮೊನೆಯ ಗಾಳಗಳನ್ನೆಲ್ಲ ಬಿಚ್ಚಿಹಾಕಿದೆ. ಉಳಿದವುಗಳ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಸಪಾಟು ಮಾಡಿದೆ. ಮೀನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳುತ್ತೇನೆ, ಒಣಗೈಗೆ ಅದರ ಮೈಮೇಲಿನ ಲೋಳೆ ಕಿತ್ತು ಬರುತ್ತದೆ. ಎರೆಹುಳವನ್ನು ಪೂರ್ತಿ ಬಿಟ್ಟೆ.

ನನ್ನ ಪೆಟ್ಟಿಗೆಗೂ ಕೊನೆಗೊಮ್ಮೆ ಕಾಲ ಬಂತು, ಬೀಳಗಿಯಲ್ಲಿ. ಕಾಲೇಜಿನ ಗೆಳೆಯನೊಬ್ಬ ಆಲಮಟ್ಟಿ ಹಿನ್ನೀರಿನ ಅಂಚಿಗೆ ಕರೆದೊಯ್ದ. ಮುಂಚೆ ಹೊಲಗಳಿದ್ದ ಜಾಗದಲ್ಲಿ ಈಗ ಮೊಣಕಾಲುದ್ದ ನೀರು, ಆಪು, ಪಾಚಿ. ಈ ಸಲ ಪೆಟ್ಟಿಗೆ ತೆಗೆಯದೆ ಅರ್ಧ ತಾಸು ನೀರು ನೋಡಿದೆ. ಒಂದು ಕಡೆ ನೀರು ಗುಳುಕ್ ಅಂತು. ಹಾವಿನಂಥ ತಲೆಯ ಕೊರವ ಮೀನು ಗಾಳಿ ಕುಡಿಯಲು ಮೇಲೆ ಬಂದಿತ್ತು. ಮರಲ್ ಅಂತಲೂ ಕರೆಯುತ್ತಾರೆ. ಬಾಸ್ ಮೀನಿನ ಹಾಗೆಯೇ ಹುಲ್ಲಿನ ಮರೆಯಲ್ಲಿ ಕೂತು ಕಪ್ಪೆ ಹಿಡಿಯುವ ಜಾತಿ. ಪೆಟ್ಟಿಗೆಯ ರಬ್ಬರ್ ಕಪ್ಪೆ ತೆಗೆದೆ. ಅದರ ಗಾಳಗಳು ಬೆನ್ನಿಗೆ ಅಂಟಿಕೊಂಡಿರುವುದರಿಂದ ಪಾಚಿಗೆ ಸಿಕ್ಕುವುದಿಲ್ಲ. ಮೂರನೇ ಎಸೆತಕ್ಕೆ ನೀರು ಸಿಡಿಯಿತು!

ಆ ಖುಷಿಯಲ್ಲಿ ಇನ್ನೊಂದು ಕಡೆ ಎಸೆಯಲು ಕೈ ಎತ್ತಿದ್ದೆ. ಗೆಳೆಯನ ಅಜ್ಜ ತಡೆದರು. ನೀರಿನ ಮೇಲೆ ಕೆಂಪಗೆ, ಗುಂಪಾಗಿ, ಸಣ್ಣ ಮರಿಗಳು ಕದಲುತ್ತಿದ್ದವು.

“ಅಲ್ಲಿ ಒಗಿಬ್ಯಾಡಪಾ. ಅವ್ವ–ಅಪ್ಪ ಕೆಳಗ ಕಾಯಾಕತ್ತಿರ್ತಾವ. ಏನ ಒಗದ್ರೂ ಕಚ್ಚತಾವ. ಹಸಿವಿಗಲ್ಲ, ಮರಿ ಉಳಸಾಕ.” ಕಾಯುವ ಮೀನನ್ನು ಎಳೆದುಬಿಟ್ಟರೆ ಉಳಿದ ಮೀನುಗಳು ಬಂದು ಮರಿಗಳನ್ನು ತಿಂದು ಮುಗಿಸುತ್ತವೆ. ಕೋಲು ಮಡಚಿದೆ. ಅವತ್ತು ಸಿಕ್ಕ ಮೀನಿಗಿಂತ ಎಸೆಯದೆ ಬಿಟ್ಟ ಆ ಎಸೆತವನ್ನೇ ಅವ್ವನಿಗೆ ಹೆಚ್ಚು ಹೊತ್ತು ಹೇಳಿದೆ. ಕೆಲಸ ಬಿಟ್ಟು ಕೇಳಿದಳು.

ಈ ಸಲ ಸಂಕ್ರಾಂತಿಗೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಳೆಗೆ ಹೋಗಿದ್ದೆವು. ಉಂಡಾದ ಮೇಲೆ ಅವ್ವ ಮೆಟ್ಟಿಲ ಮೇಲೆ ಕೂತು ಉಳಿದ ಸಜ್ಜಿ ರೊಟ್ಟಿ ಮುರಿದು ಮುರಿದು ನೀರಿಗೆ ಹಾಕುತ್ತಿದ್ದಳು. ಬೆರಳುದ್ದದ ಮೀನುಗಳು ನೂರಾರು ಬಂದು ಅವಳ ಕಾಲ ಸುತ್ತ ನೆರೆದವು.

“ನೋಡು, ಗಾಳ ಇಲ್ಲದನೂ ಬರ್ತಾವ” ಅಂದಳು.

ನಾನು ನಕ್ಕೆ. ಮೀನು ಹಿಡಿಯುವುದನ್ನು ಬಿಟ್ಟಿದ್ದೇನೆ ಅಂದರೆ ಸುಳ್ಳಾಗುತ್ತದೆ. ರಜೆಗೆ ಊರಿಗೆ ಬಂದಾಗ ಈಗಲೂ ಹೋಗುತ್ತೇನೆ. ಇಪ್ಪತ್ತೆರಡರಲ್ಲಿ ಪೆಟ್ಟಿಗೆಯಲ್ಲಿ ಉಳಿದಿರುವುದು ಆ ಕಪ್ಪೆ ಒಂದೇ. ಜೊತೆಗೆ ಒಂದು ಡಬ್ಬಿಯಲ್ಲಿ ಎಸರು ಹಾಕಿ ನಾದಿದ ಹಿಟ್ಟು ಇರುತ್ತದೆ. ಅದನ್ನು ಈಗ ನಾನೇ ನಾದಿಕೊಳ್ಳುತ್ತೇನೆ. ಆ ಕೆಲಸ ಅವ್ವನಿಗೆ ಹಚ್ಚಬಾರದು ಅಂತ ನನಗೆ ಅನ್ನಿಸಿದೆ.