21 ವ್ಯಾಟಿನ ಬಲ್ಬು

ಆಟೊ ಎಲೆಕ್ಟ್ರಿಕ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಕಾರಿನ ಬಾಗಿಲ ಮುಂದೆ ಕೂತು ಕೇಳುವ ಪ್ರಶ್ನೆ ಒಂದೇ: ಮೀಟರಿನಲ್ಲಿ 12 ವೋಲ್ಟ್ ಬರುತ್ತಿದೆ, ಆದರೂ ಲಾಕ್ ಯಾಕೆ ಬೀಳುತ್ತಿಲ್ಲ? ತಮಿಳುನಾಡಿನ ಉತ್ತಮಪಾಳಯಂನ ಹಳೆಯ ಮೇಸ್ತ್ರಿಗಳಿಗೆ ಈ ಗೊಂದಲವೇ ಇರಲಿಲ್ಲ. ಅವರ ಕೈಯಲ್ಲಿದ್ದದ್ದು ಮೀಟರಲ್ಲ, ಎರಡು ವೈರು ಬೆಸೆದ ಇಂಡಿಕೇಟರ್ ಬಲ್ಬು. ಆ ಬಲ್ಬನ್ನು ಬಡವರ ಸಾಧನವೆಂದು ಮೂಲೆಗೆಸೆದದ್ದರಿಂದ ಈ ಕಸುಬು ತನ್ನ ಬುದ್ಧಿಯ ಅರ್ಧ ಪಾಲನ್ನು ಕಳೆದುಕೊಂಡಿತೆಂದೇ ನಾನು ನಂಬಿದ್ದೇನೆ. ಇದಕ್ಕೆ ರಸೀದಿಯಿಲ್ಲ, ಪುಸ್ತಕವಿಲ್ಲ. ಕಣ್ಣಾರೆ ಕಂಡದ್ದೇ ಆಧಾರ.

ತೇನಿಯಿಂದ ಕಂಬಂ ಹಾದು ಕುಮಳಿಗೆ ಏರುವ ರಸ್ತೆಯಲ್ಲಿ ಮೊದಲು ಓಡಾಡುತ್ತಿದ್ದದ್ದು ಏಲಕ್ಕಿ ತೋಟಕ್ಕೆ ಆಳುಗಳನ್ನು ಒಯ್ಯುವ ಜೀಪುಗಳು. ಅವುಗಳಿಗೆ ಬಾಗಿಲೇ ನೆಟ್ಟಗಿರಲಿಲ್ಲ, ಇನ್ನು ಲಾಕೆಲ್ಲಿ ಬಂತು. 1983ರಲ್ಲಿ ಹುಟ್ಟಿದ ಮಾರುತಿ 800 ಈ ಕಂಬಂ ಕಣಿವೆಯ ದ್ರಾಕ್ಷಿ ಬೆಳೆಗಾರರ, ಮನೆಯೊಳಗೆ ಇಂದಿಗೂ ಕನ್ನಡ ಆಡುವ ಒಕ್ಕಲಿಗ ಗೌಡರ ಅಂಗಳಕ್ಕೆ ಬಂದ ಮೇಲೆ ಸೆಂಟ್ರಲ್ ಲಾಕ್ ಬಂತು; ಅದೂ ಕಂಪನಿಯಿಂದಲ್ಲ, ಅಂಗಡಿಯಿಂದ. ಡ್ರೈವರ್ ಬಾಗಿಲಿಗೆ 5 ವೈರಿನ ಮೋಟಾರು, ಉಳಿದವಕ್ಕೆ 2 ವೈರಿನದು. ಕರೆಂಟು ಒಂದು ದಿಕ್ಕಿಗೆ ಹರಿದರೆ ಲಾಕ್, ತಿರುಗಿಸಿ ಹರಿಸಿದರೆ ತೆರವು. ಕಾರ್ತಿಕದಿಂದ ಸಂಕ್ರಾಂತಿಯವರೆಗೆ ಶಬರಿಮಲೆಯ ಗಾಡಿಗಳು, ಕರ್ನಾಟಕದವೂ ಸೇರಿ, ಇದೇ ದಾರಿಯಲ್ಲಿ ಸಾಲುಗಟ್ಟುವಾಗ ಕೆಲಸಕ್ಕೆ ಹಗಲು ರಾತ್ರಿ ಇರಲಿಲ್ಲ. ಡೋರ್ ಪ್ಯಾಡ್ ಬಿಚ್ಚಿದೊಡನೆ ನಿಂತ ಮಳೆನೀರಿನ, ತುಕ್ಕಿನ, ಒಣಗಿದ ಗ್ರೀಸಿನ ವಾಸನೆ; ಅದರ ಮೇಲೆ ಬೆಸುಗೆಯ ರಾಳ ಕರಗಿದ ಸಿಹಿ ಹೊಗೆ. ಆ ಕಾಲದ ಅಂಗಡಿಗಳನ್ನು ಬಲ್ಲವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೇಸ್ತ್ರಿ ಮೊದಲು ಕೈಹಾಕುತ್ತಿದ್ದದ್ದು ಲಾಕಿಗಲ್ಲ, ಬಾಗಿಲಿನ ಕೀಲಿನ ಬಳಿ ಕಾರಿನ ಕಂಬದಿಂದ ಒಳಗೆ ನುಗ್ಗುವ ರಬ್ಬರ್ ಕೊಳವೆಗೆ. ಬಾಗಿಲು ತೆರೆದು ಮುಚ್ಚಿದಷ್ಟು ಸಲವೂ ಅದರೊಳಗಿನ ವೈರು ಅದೇ ಜಾಗದಲ್ಲಿ ಮಡಚಿಕೊಳ್ಳುತ್ತದೆ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಹಾಗೇ ಇರುತ್ತದೆ, ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಕೊನೆಗೆ ಒಂದು ಎಳೆಯೂ ಪೂರ್ತಿ ಉಳಿಯದೆ, ತುಂಡಾದ ತುದಿಗಳು ಅಲ್ಲಲ್ಲಿ ತಾಗಿಕೊಂಡಿವೆ ಎನ್ನಿ. ಡಿಜಿಟಲ್ ಮೀಟರಿನ ಒಳತಡೆ ಸುಮಾರು 1 ಕೋಟಿ ಓಮ್. ಅದು ಎಳೆದುಕೊಳ್ಳುವ ಕರೆಂಟು ಆಂಪಿಯರಿನ ಹತ್ತು ಲಕ್ಷದ ಒಂದು ಪಾಲಿನಷ್ಟು. ಅಷ್ಟಕ್ಕೆ ತುದಿಗಳು ಹಾಗೆ ತಾಗಿಕೊಂಡಿದ್ದರೆ ಧಾರಾಳ ಸಾಕು, ಹಾಗಾಗಿ ಮೀಟರು 12 ಎಂದೇ ತೋರಿಸುತ್ತದೆ. ಲಾಕಿನ ಮೋಟಾರಿಗೆ ಬೇಕಾದದ್ದು ಒಂದು ಕ್ಷಣಕ್ಕಾದರೂ ಕೆಲವು ಆಂಪಿಯರು. 21 ವ್ಯಾಟಿನ ಬಲ್ಬು ಪೌಣೆರಡು ಆಂಪಿಯರ್ ಎಳೆಯುತ್ತದೆ. ದಾರಿಯಲ್ಲಿ ಎಲ್ಲೋ 2 ಓಮ್ ತಡೆ ಸೇರಿದ್ದರೂ ಅದಕ್ಕೆ ದಕ್ಕುವುದು 9 ವೋಲ್ಟ್ ಚಿಲ್ಲರೆ, ಬೆಳಕು ಮಂಕಾಗುತ್ತದೆ. ಗೋಣಿ ಹೊರದವನಿಗೆ ಸೇತುವೆಯ ಬಲ ಹೇಗೆ ತಿಳಿದೀತು? ಮೋಟಾರಿನ ಪ್ಲಗ್ ಕಿತ್ತು, ಅದರ ಎರಡು ವೈರಿಗೆ ಬಲ್ಬು ಹಿಡಿದು, ಒಬ್ಬನಿಂದ ಸ್ವಿಚ್ ಒತ್ತಿಸಿ, ಇನ್ನೊಂದು ಕೈಯಲ್ಲಿ ಬಾಗಿಲನ್ನು ಮೆಲ್ಲಗೆ ಆಡಿಸಿದರೆ ತೀರ್ಪು ಅಲ್ಲೇ ಸಿಗುತ್ತಿತ್ತು. ಲಾಕಿಗೂ ತೆರವಿಗೂ ಬಲ್ಬು ಝಗ್ಗೆಂದು ಬೆಳಗಿದರೆ ತಪ್ಪು ಮೋಟಾರಿನದು ಅಥವಾ ಗಟ್ಟಿಯಾದ ಗ್ರೀಸಿನದು. ಮಂಕಾದರೆ ವೈರಿನದು ಅಥವಾ ಅರ್ತಿನದು.

ಆಕ್ಷೇಪ ನನಗೂ ಗೊತ್ತು. ಈಗಿನ ಕಾರಿನಲ್ಲಿ ಮೋಟಾರು, ಬಾಗಿಲು ಮುಚ್ಚಿದೆಯೇ ಎಂದು ಹೇಳುವ ಸಣ್ಣ ಸ್ವಿಚ್ಚು ಎಲ್ಲ ಒಂದೇ ಡಬ್ಬಿಯಲ್ಲಿವೆ, ಬಿಚ್ಚಲಾಗದು. ಸ್ವಿಚ್ಚಿನ ಸಣ್ಣ ವೈರಿಗೆ ಬಲ್ಬು ತಾಗಿಸಿದರೆ ಕಂಟ್ರೋಲ್ ಮಾಡ್ಯೂಲ್ ಸುಟ್ಟೀತು. ಏರ್‌ಬ್ಯಾಗಿನ ವೈರಿಗೆ ತಾಗಿಸಿದರೆ ಜೀವಕ್ಕೇ ಅಪಾಯ. ಇದು ನಿಜ. ಬಾಗಿಲು ಮುಚ್ಚಿದ್ದರೂ ತೆರೆದಿದೆ ಎಂದೇ ಮಾಡ್ಯೂಲ್ ತಿಳಿದುಕೊಂಡರೆ ರಿಮೋಟು ಒತ್ತಿದರೂ ಲಾಕ್ ಬೀಳುವುದಿಲ್ಲ, ರಾತ್ರಿಯಿಡೀ ಒಳದೀಪ ಉರಿದು ಬ್ಯಾಟರಿ ಇಳಿಯುತ್ತದೆ. ಯಾವ ಬಾಗಿಲೆಂದು ಹುಡುಕಲು ಹಳೆಯ ಮೇಸ್ತ್ರಿ ಅರ್ಧ ದಿನ ಕಳೆಯುತ್ತಿದ್ದರು; ಅದನ್ನು ಸ್ಕ್ಯಾನರ್ ನಿಮಿಷದಲ್ಲಿ ಹೇಳುತ್ತದೆ. ಆ ತಲೆಮಾರಿನ ಪಾಪಗಳನ್ನೂ ಮುಚ್ಚಿಡಬಾರದು. ಫ್ಯೂಸ್ ಪದೇ ಪದೇ ಹೋದರೆ ತಂತಿ ಸುತ್ತಿ ಕಳಿಸಿದವರಿದ್ದರು. ಬೆಸೆಯದೆ ತಿರುಚಿ ಟೇಪು ಸುತ್ತಿದವರಿದ್ದರು. ಡೋರ್ ಪ್ಯಾಡಿನ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಹರಿದೆಸೆದು, ಮುಂದಿನ ಮಳೆಗೆ ನೀರು ನೇರ ಲಾಕಿನ ಮೇಲೆ ಸುರಿಯುವಂತೆ ಮಾಡಿದವರಂತೂ ಬಹಳ.

ಆದರೆ ಸ್ಕ್ಯಾನರ್ ಹೇಳುವುದು ಮಾಡ್ಯೂಲಿಗೆ ಏನು ಕಾಣುತ್ತಿದೆ ಎಂಬುದನ್ನು ಮಾತ್ರ. ಕೆಟ್ಟದ್ದು ಸ್ವಿಚ್ಚೋ ಅದರತ್ತ ಬರುವ ವೈರೋ ಎಂದು ಅದು ಹೇಳಲಾರದು. ಕೋಡ್ ಬಂತು, ಲಾಕ್ ಅಸೆಂಬ್ಲಿ ಬದಲಿಸು ಎನ್ನುವುದು ಪತ್ತೆಯಲ್ಲ, ವ್ಯಾಪಾರ. ಹೊಸ ಅಸೆಂಬ್ಲಿ ಕೂರಿಸುವಾಗ ವೈರು ಕೊಂಚ ಅಲುಗಿ ಎರಡು ವಾರ ಸರಿಯಿದ್ದು, ಮತ್ತೆ ಕೆಡುತ್ತದೆ. ಹುಡುಗರನ್ನಷ್ಟೇ ಬೈದು ಪ್ರಯೋಜನವಿಲ್ಲ. ಹಿಂದಿನ ಚೌಕಾಸಿ ನೆನೆಸಿಕೊಳ್ಳಿ: ಒಂದು ಗೇಣು ವೈರು, ಒಂದು ಬೆಸುಗೆ, ಅದಕ್ಕೆ ಇಷ್ಟೇಕೆ ಎಂದು ಗಿರಾಕಿ ಜಗ್ಗುತ್ತಿದ್ದ, ಮೇಸ್ತ್ರಿ ನಕ್ಕು ಇಳಿಸುತ್ತಿದ್ದರು. ಆ ಒಂದು ಗೇಣನ್ನು ಹುಡುಕಿದ ಹೊತ್ತಿಗೆ ಆಗಲೂ ಬೆಲೆಯಿರಲಿಲ್ಲ, ಈಗಲೂ ಇಲ್ಲ. ಸಾವಿರಾರು ರೂಪಾಯಿಯ ಡಬ್ಬಿಗೆ ಮರುಮಾತಿಲ್ಲದೆ ಹಣ ಎಣಿಸುವ ಗಿರಾಕಿ, ತಾಸುಗಟ್ಟಲೆ ಯೋಚಿಸಿದವನಿಗೆ ಐನೂರು ಕೊಡಲು ಮುಖ ಗಂಟಿಕ್ಕುತ್ತಾನೆ. ಹಾಗಿರುವಾಗ ಯೋಚಿಸುವ ಹುಡುಗ ಈ ಕೆಲಸದಲ್ಲಿ ಏಕೆ ಉಳಿದಾನು?

ನಿಮ್ಮ ಕಾರಿನ ಬಾಗಿಲು ಲಾಕ್ ಆಗದಿದ್ದರೆ, ಅಸೆಂಬ್ಲಿಗೆ ಒಪ್ಪುವ ಮೊದಲು ಕೀಲಿನ ಬಳಿಯ ರಬ್ಬರ್ ಸರಿಸಿ ನೋಡಲು ಹೇಳಿ, ಮೋಟಾರಿನ ಎರಡು ವೈರಿಗೆ ಮಾತ್ರ ಬಲ್ಬು ಹಿಡಿಸಿ. ತಪ್ಪು ವೈರಿನಲ್ಲೇ ಸಿಕ್ಕರೆ, ಹುಡುಕಿದವರಿಗೆ ಆ ಹುಡುಕಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ.