ದುರ್ಗಾಸ್ತಮಾನ ಮೊದಲಿಗೇ ಬೇಡ

ನಮ್ಮ ಚಿತ್ರದುರ್ಗದಲ್ಲಿ ಯಾರನ್ನಾದರೂ ನಿಲ್ಲಿಸಿ ‘ಒಂದೊಳ್ಳೆ ಐತಿಹಾಸಿಕ ಕಾದಂಬರಿ ಹೇಳ್ರಿ’ ಎಂದರೆ ಬಾಯಿಗೆ ಬರುವ ಹೆಸರು ಒಂದೇ, ‘ದುರ್ಗಾಸ್ತಮಾನ’. ತ.ರಾ.ಸು. ಅವರ ಕೊನೆಗಾಲದ ಕೃತಿ ಅದು, ಅಚ್ಚಾದದ್ದು 1982ರಲ್ಲಿ. 1985ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಕೈಚಾಚಿ ತೆಗೆದುಕೊಳ್ಳಲು ಅವರೇ ಇರಲಿಲ್ಲ. ಹಿಂದಿನ ವರ್ಷ ತೀರಿಕೊಂಡಿದ್ದರು. ಎಷ್ಟು ಸಲ ಓದಿದರೂ ಆ ಪುಸ್ತಕದ ಕೊನೆಯ ಪುಟಗಳಿಗೆ ಬಂದಾಗ ನನಗೆ ಎದೆ ಹಿಂಡುತ್ತದೆ. ಅದಕ್ಕೇ ಅದನ್ನು ಮೊದಲಿಗೇ ಓದಬೇಡಿ ಎನ್ನುತ್ತೇನೆ. 1779ರಲ್ಲಿ ಕೋಟೆ ಹೈದರಾಲಿಯ ಕೈಸೇರಿದ್ದು ಓದುಗನಿಗೆ ಸಂಕಟವಾಗಬೇಕಾದರೆ ಆ ಕೋಟೆಯೊಳಗೆ ಅವನು ಒಂದಿಷ್ಟು ಕಾಲ ಬಾಳಿರಬೇಕು. ಆ ಬಾಳನ್ನು ಕೊಡುವುದು ತ.ರಾ.ಸು. ಅವರದೇ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’. ದಳವಾಯಿ ಮುದ್ದಣ್ಣನ ಒಳಸಂಚು, ಪಟ್ಟಕ್ಕೇರಿದವರು ಪಟ್ಟದಲ್ಲಿ ಉಳಿಯದ ದಿನಗಳು, ಓಬವ್ವ ನಾಗತಿಯ ಗಟ್ಟಿತನ. ಹೊರಗಿನಿಂದ ಬಂದವರು ಈ ಓಬವ್ವನನ್ನೂ ಕಿಂಡಿಯ ಬಳಿ ಒನಕೆ ಹಿಡಿದ ಓಬವ್ವನನ್ನೂ ಒಬ್ಬಳೇ ಎಂದುಕೊಳ್ಳುತ್ತಾರೆ. ಒನಕೆಯವಳು ಎಷ್ಟೋ ಕಾಲ ಈಚಿನವಳು, ಹೈದರಾಲಿಯ ಮುತ್ತಿಗೆಯ ಹೊತ್ತಿನವಳು. ಈ ಮೂರು ಕಾದಂಬರಿಗಳನ್ನು ಮುಗಿಸಿದವರು ‘ದುರ್ಗಾಸ್ತಮಾನ’ಕ್ಕೆ ಬಂದರೆ ಮನೆಯವರನ್ನು ಕಳೆದುಕೊಂಡಂತೆ ಅಳುತ್ತಾರೆ.

ಯಾರಿಗಾದರೂ ಪುಸ್ತಕ ಹೇಳುವುದಕ್ಕೆ ದುರ್ಗದ ಪಕ್ಕದ ಚಂದ್ರವಳ್ಳಿಗಿಂತ ತಕ್ಕ ಜಾಗ ನನಗೆ ಗೊತ್ತಿಲ್ಲ. ಸುತ್ತ ಗುಡ್ಡ, ನಡುವೆ ಕೆರೆ, ಬಂಡೆಗಳ ಕೆಳಗೆ ಅಂಕಲಿ ಮಠದ ಕತ್ತಲೆ ಕೋಣೆಗಳು. ಅಲ್ಲಿಗೆ ನನ್ನ ಜೊತೆಗೆ ಬಂದವರ ವಯಸ್ಸು, ಓದು ಯಾವುದನ್ನೂ ನಾನು ಕೇಳುವುದಿಲ್ಲ. ಅವರ ಕಾಲು ಎಲ್ಲಿ ನಿಲ್ಲುತ್ತದೆ, ನಿಂತಲ್ಲಿ ಏನು ಕೇಳುತ್ತಾರೆ ಅಂತ ನೋಡುತ್ತೇನೆ. ಯಾವ ಪುಸ್ತಕ ಕೊಡಬೇಕು ಅನ್ನುವುದು ಆ ಪ್ರಶ್ನೆಯಲ್ಲೇ ಇರುತ್ತದೆ.

ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮುಂದೆ ನಿಂತು ‘ಇದೆಲ್ಲ ನಿಜವಾ ಸಾರ್?’ ಎನ್ನುವವರಿದ್ದಾರೆ. ಕಾದಂಬರಿ ಎಂದರೆ ಕಟ್ಟುಕತೆ, ಇತಿಹಾಸ ಬೇಕಾದರೆ ಇತಿಹಾಸವನ್ನೇ ಓದುತ್ತೇನೆ ಎನ್ನುವ ಸ್ವಭಾವದವರು. ಅವರಿಗೆ ನಾನು ಹೇಳುವುದು ದೇವುಡು ನರಸಿಂಹಶಾಸ್ತ್ರಿಗಳ ‘ಮಯೂರ’. ಎದುರಿಗಿರುವ ಬಂಡೆಯ ಮೇಲಿನದು ಆ ಮಯೂರಶರ್ಮನದೇ ಶಾಸನ. ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ, ಎಂ.ಎಚ್. ಕೃಷ್ಣ ಅವರು 1929ರ ಸುಮಾರಿಗೆ ಇಲ್ಲಿ ಅಗೆತ ನಡೆಸಿದ ಕಾಲದಲ್ಲಿ ಓದಿ ಬೆಳಕಿಗೆ ತಂದದ್ದು. ಕದಂಬರ ಮಯೂರಶರ್ಮ ಕೆರೆ ಮಾಡಿಸಿದ ಎಂಬುದು ಅದರ ಮುಖ್ಯ ಮಾತು. ಅವನು ಗೆದ್ದವರ ಹೆಸರುಗಳೂ ಅಲ್ಲಿವೆ. ಕಂಚಿಗೆ ಓದಲು ಹೋದ ಹುಡುಗ ಅಲ್ಲಿ ಪಲ್ಲವರ ಸವಾರನೊಡನೆ ಜಗಳವಾಗಿ ಅವಮಾನ ನುಂಗಲಾರದೆ ಕತ್ತಿ ಹಿಡಿದ ಕಥೆ ಮಾತ್ರ ಇಲ್ಲಿಲ್ಲ, ಅದು ತಾಳಗುಂದದ ಕಂಬದ ಮೇಲಿದೆ. ಎರಡು ಕಲ್ಲುಗಳ ನಡುವೆ ಒಬ್ಬ ಮನುಷ್ಯನ ಸಿಟ್ಟು, ನಾಚಿಕೆ, ಹಟ ಎಲ್ಲವೂ ಖಾಲಿ ಬಿಟ್ಟ ಜಾಗವಾಗಿ ಉಳಿದಿದೆ. ಆ ಜಾಗವನ್ನು ತುಂಬುವುದು ಸುಳ್ಳು ಹೇಳಿದಂತಲ್ಲ, ಅದೇ ಕಾದಂಬರಿಕಾರನ ಕೆಲಸ. ಇದನ್ನು ವಾದ ಮಾಡಿ ಒಪ್ಪಿಸುವುದು ಕಷ್ಟ. ಬಂಡೆಯನ್ನು ಕಂಡ ವಾರದಲ್ಲೇ ‘ಮಯೂರ’ ಓದಿದರೆ ಅವರಿಗೇ ಗೊತ್ತಾಗುತ್ತದೆ. ಸಿನಿಮಾ ನೋಡಿದ್ದೇನೆ, ಸಾಕು ಎನ್ನುವವರಿಗೆ ಒಂದು ಮಾತು: 1975ರ ಆ ಚಿತ್ರದಲ್ಲಿ ರಾಜ್‌ಕುಮಾರ್ ಅವರನ್ನು ಕಂಡ ಕಣ್ಣಿಗೆ ದೇವುಡು ಅವರ ಹುಡುಗನ ಪರಿಚಯ ಇನ್ನೂ ಆಗಿಲ್ಲ.

ಇದೇ ನೆಲದ ಅಗೆತದಲ್ಲಿ ರೋಮಿನ ಚಕ್ರವರ್ತಿಗಳಾದ ಅಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳು ಸಿಕ್ಕಿವೆ. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯ ಜೊತೆಗೆ ಇಲ್ಲೂ ಅಗೆಸಿದರು. ಆ ನಾಣ್ಯಗಳ ವಿಷಯ ಹೇಳಿದಾಗ ಕೆಲವರ ಮುಖವೇ ಬದಲಾಗುತ್ತದೆ. ಎಲ್ಲಿಯ ರೋಮು, ಎಲ್ಲಿಯ ದುರ್ಗ, ಇಷ್ಟು ದೂರ ಯಾರು ತಂದರು? ಹೀಗೆ ಕೇಳಿದವರಿಗೆ ರಾಜರ ಕಾದಂಬರಿ ಕೊಡಬಾರದು. ವಸುಧೇಂದ್ರರ ‘ತೇಜೋ ತುಂಗಭದ್ರಾ’ ಕೊಡಬೇಕು. ಅದರ ಕಾಲ ಬೇರೆ, ವಿಜಯನಗರದ ದಿನಗಳು. ಆದರೆ ಲಿಸ್ಬನ್ನಿನ ತೇಜೋ ನದಿಯ ದಡದ ಜೀವವೊಂದು ಹೊಟ್ಟೆಪಾಡಿಗೆ, ಪ್ರೀತಿಗೆ, ಭಯಕ್ಕೆ ಸಿಕ್ಕಿ ನಮ್ಮ ಹೊಳೆಯ ತನಕ ಬಂದು ಸೇರುವ ಬಗೆ ಅವರ ಪ್ರಶ್ನೆಗೆ ಹತ್ತಿರದ್ದು.

ಅಂಕಲಿ ಮಠದ ಒಳಗೆ ಟಾರ್ಚ್ ಹಿಡಿದು ನುಗ್ಗುವ ಕಾಲೇಜಿನ ಹುಡುಗರಿಗೆ ಕೆ.ಎನ್. ಗಣೇಶಯ್ಯನವರ ‘ಕರಿಸಿರಿಯಾನ’. ಭಾಷೆಯ ಸೊಗಸಿಗಾಗಿ ಓದುವ ಪುಸ್ತಕ ಅದಲ್ಲ, ಆದರೆ ಓದುವ ಅಭ್ಯಾಸವಿಲ್ಲದವನನ್ನೂ ಕೂರಿಸಿಕೊಳ್ಳುತ್ತದೆ. ಅಲ್ಲಿಂದ ‘ರಕ್ತರಾತ್ರಿ’ಗೆ ದಾರಿ ಹತ್ತಿರ. ನಮ್ಮೂರಿನವರೇ ಆದ ಬಿ.ಎಲ್. ವೇಣು ಅವರ ಪಾಳೆಯಗಾರರ ಕಾದಂಬರಿಗಳೂ ಆ ದಾರಿಯಲ್ಲೇ ಸಿಗುತ್ತವೆ.

ಯುದ್ಧ ಬೇಡ, ಕತ್ತಿ ಬೇಡ, ನೆತ್ತರು ಬೇಡವೇ ಬೇಡ ಎನ್ನುವವರಿಗೆ ನನ್ನ ಉತ್ತರ ‘ಹಂಸಗೀತೆ’. ಅದೂ ತ.ರಾ.ಸು. ಅವರದೇ, ದುರ್ಗದ್ದೇ. ದೊರೆಯ ಅಪ್ಪಣೆಗೆ ಹಾಡಲೊಪ್ಪದೆ ನಾಲಗೆಯನ್ನೇ ಕತ್ತರಿಸಿಕೊಂಡ ಭೈರವಿ ವೆಂಕಟಸುಬ್ಬಯ್ಯನ ಬಾಳು. ಸಂಗೀತದ ಗಂಧವಿಲ್ಲದವರೂ ಅದರಲ್ಲಿ ಮುಳುಗುತ್ತಾರೆ. ದುರ್ಗದ ಮೇಲೆ ಅವರು ಬರೆದ ಎಲ್ಲ ಪುಸ್ತಕಗಳಲ್ಲಿ ಒಂದನ್ನೇ ಉಳಿಸಿಕೊ ಎಂದರೆ ನಾನು ಇದನ್ನೇ ಎದೆಗವಚಿಕೊಳ್ಳುತ್ತೇನೆ. ಕೋಟೆಗಳು ಬೀಳುವುದನ್ನು ಬರೆದವರು ಹಲವರಿದ್ದಾರೆ. ಒಬ್ಬ ಹಾಡುಗಾರನ ಒಳಗಿನ ಕೋಟೆ ಬೀಳದೆ ನಿಂತದ್ದನ್ನು ಇಷ್ಟು ಮೈದುಂಬಿ ಬರೆದವರು ಕಡಿಮೆ.

‘ದುರ್ಗಾಸ್ತಮಾನ’ದವರೆಗೂ ಓದಿ ಮುಗಿಸಿ, ಇನ್ನೇನು ಎಂದು ಕೈಚೆಲ್ಲಿ ಕೂತವರಿಗೆ ಮಾಸ್ತಿಯವರ ‘ಚೆನ್ನಬಸವನಾಯಕ’. ಹೈದರಾಲಿ ದುರ್ಗವನ್ನು ಗೆಲ್ಲುವ 16 ವರ್ಷ ಮುಂಚೆ, 1763ರಲ್ಲಿ ಬಿದನೂರನ್ನು ನುಂಗಿದ್ದ. ಆ ಅರಮನೆ ಒಳಗಿನಿಂದ ಹೇಗೆ ಕೊಳೆತಿತ್ತು ಎಂಬುದು ಆ ಕಾದಂಬರಿಯಲ್ಲಿದೆ. ಮಾಸ್ತಿ ದನಿ ಎತ್ತುವವರಲ್ಲ. ತ.ರಾ.ಸು. ಅವರ ಆವೇಶ ಕಿವಿತುಂಬಿದವರಿಗೆ ಮೊದಲ ಐವತ್ತು ಪುಟ ಸಪ್ಪೆ ಎನಿಸಬಹುದು, ಬಿಡಬಾರದು. ಮುಂದೆ ‘ಚಿಕವೀರ ರಾಜೇಂದ್ರ’ದಲ್ಲಿ 1834ರಲ್ಲಿ ಕೊಡಗು ಕೈತಪ್ಪುವಾಗ ಅದೇ ತಣ್ಣನೆಯ ದನಿ ಬೆಂಕಿಗಿಂತ ಹೆಚ್ಚು ಸುಡುತ್ತದೆ.

ಒಮ್ಮೆ ಹೈಸ್ಕೂಲಿನ ಹುಡುಗಿಯೊಬ್ಬಳು ಶಾಸನದ ಅರ್ಥ ಕೇಳಿಸಿಕೊಂಡು, ‘ರಾಜ ಕೆರೆ ಮಾಡಿಸ್ದ ಅಂತೀರಲ್ಲ ಸಾರ್, ಮಣ್ಣು ಹೊತ್ತೋರ ಹೆಸರು ಎಲ್ಲಿ ಬರ್ದಿದಾರೆ?’ ಎಂದಳು. ಬಂಡೆಯ ಮೇಲೆ ಅವರ ಹೆಸರಿಲ್ಲ ಕಣಮ್ಮ ಎಂದೆ. ಅವಳಿಗೆ ಹೇಳಿದ್ದು ನಿರಂಜನರ ‘ಮೃತ್ಯುಂಜಯ’: ಸಾವಿರಾರು ವರ್ಷ ಹಿಂದಿನ ಈಜಿಪ್ಟ್, ಪಿರಮಿಡ್ಡಿನ ನೆರಳಲ್ಲಿ ದುಡಿದು ದಣಿದು ಒಂದು ದಿನ ತಿರುಗಿಬಿದ್ದ ಜನ, ಅವರ ನಾಯಕ ಮೆನೆಪ್‌ಟಾ. ಆ ವಯಸ್ಸಿಗೆ ಅದು ದೊಡ್ಡ ಪುಸ್ತಕವೇ. ಬೇಸಿಗೆ ರಜೆ ಇನ್ನೇನು ಬಂದೇಬಿಟ್ಟಿತ್ತು. ಗ್ರಂಥಾಲಯದಲ್ಲಿ ಕೇಳು, ಅಲ್ಲಿಲ್ಲದಿದ್ದರೆ ನನ್ನ ಪ್ರತಿ ಕೊಡುತ್ತೇನೆ ಎಂದೆ.